ಬಣ್ಣ ಬಿಟ್ಟ ಅಂಚು

ಕೊರಿಯರಿನಲ್ಲಿ ಬಂತು ಕಲ್ಲು,
ಓದಲು ಬಾರದ ಲಿಪಿಯ ಹಳೇ ಪೇಪರು ಸುತ್ತಿಕೊಂಡು.
ಕಡಲಾಚೆಯ ಯಾವುದೋ ದ್ವೀಪ. ಹೆಸರು
ನನ್ನ ನಾಲಿಗೆಗೆ ಹೊರಳುವುದಿಲ್ಲ.
ಕಪ್ಪು. ಮೈತುಂಬ ತೂತು.

ಅಪ್ಪ ಬಾಗಲೂರಿನ ಕಲ್ಲುಗಣಿಯಲ್ಲಿ ಚಪ್ಪಡಿ ಎಬ್ಬಿಸುತ್ತಿದ್ದ,
ತೆಳು ಎಂದರೆ ಅವನಿಗೆ ಮೂರಿಂಚು.
ನನ್ನದು ಕೂದಲಿಗಿಂತ ತೆಳು.
ಯಶವಂತಪುರದ ಈ ನೆಲಮಾಳಿಗೆಯಲ್ಲಿ
ಇಪ್ಪತ್ತೆರಡು ವರ್ಷ
ಗಾಜಿನ ಮೇಲೆ ಪುಡಿ, ನೀರು, ಸುತ್ತುವ ಬೆರಳು,
ಕಲ್ಲಿನೊಳಗಿಂದ ಬೆಳಕು ಹಾಯುವ ತನಕ.
ಒಂದುಜ್ಜು ಹೆಚ್ಚಾಯಿತೋ, ಕಲ್ಲೇ ಇಲ್ಲ.
ಬರೀ ಗಾಜು.

"ಬನ್ನಿ ಪಿಳ್ಳಪ್ಪ, ನೀವೇ ನೋಡಿ"
ಸಬೀನಾ ಮೇಡಂ ಕುರ್ಚಿ ಬಿಟ್ಟೆದ್ದರು.
ಸೂಕ್ಷ್ಮದರ್ಶಕದಲ್ಲಿ ಒಂದು ಹರಳು,
ಗಿಣಿಹಸಿರು, ಗುಲಾಬಿ,
ಸುತ್ತ ಬೇರೆ ಬಣ್ಣದ ಅಂಚು.
"ಬೆಟ್ಟದಡಿಯ ಕೊಳದಲ್ಲಿ ಇದು ತನ್ನಷ್ಟಕ್ಕೆ ಬೆಳೆಯುತ್ತಿತ್ತು.
ತಳದಿಂದ ಹೊಸ ಬಿಸಿ ನುಗ್ಗಿದಾಗ ಕಟ್ಟಿದ್ದು ಈ ಅಂಚು.
ಗೆರೆ ಚೂಪಾಗಿದ್ದರೆ ಅವಸರದ ಸಿಡಿತ,
ಮಸುಕಾದಷ್ಟೂ ಕಾದ ದಿನ ಹೆಚ್ಚು."

ನನಗೆ ನಗು. ಇದು ನಮ್ಮ ಬಚ್ಚಲಿನ ವಿಷಯ!
ಮದುವೆಯ ಹೊಸತರಲ್ಲಿ ಚೌಡಿಯ ಇಳಕಲ್ ಸೀರೆ
ಬಕೀಟಿನಲ್ಲಿ ನೆನೆಸಿ ಮರೆತಿದ್ದೆ.
ಅಂಚಿನ ಕೆಂಪು ಹಳದಿ ಒಡಲಿಗೆ ಹರಿದಿತ್ತು.
ಈಗ ತಾನೇ ಹಾಕಿದ್ದು ಅಂದೆ.
ಅವಳು ಬೆರಳಲ್ಲಿ ಅಳೆದು ಹೇಳಿದಳು,
"ಬೆಳಗ್ಗೆ ಆರಕ್ಕೇ ಹಾಕಿದ್ದೀಯ."

ಮೇಡಂ ನಗಲಿಲ್ಲ. ಬರೆದುಕೊಂಡರು.

ಮೂರು ವಾರಕ್ಕೆ ಲೆಕ್ಕ ಬಂತು,
ಇಪ್ಪತ್ತಾರು ದಿನ, ಆಚೀಚೆ ಒಂದು ವಾರ.
ನಲವತ್ತು ಹರಳಿನದು ಒಂದೇ ಮಾತು,
ಮೂರು ಮಾತ್ರ ತಕರಾರು ತೆಗೆದವು.
ಅವನ್ನೂ ಬರೆದಿಟ್ಟರು.

ಇದು ಹೋದ ಸಲದ ಕತೆ.
ಮುಂದಿನ ಸಲವೂ ಹೀಗೇ ಅಂತ
ಕಲ್ಲು ಭಾಷೆ ಕೊಡುವುದಿಲ್ಲ.
ಆದರೂ ಅಲ್ಲಿ ನೆಲದಡಿ ಗುಡುಗಿದ ದಿನ
ಎಣಿಸಲು ಒಂದು ಅಂಕಿ ಇರುತ್ತದೆ,
ಆಡು, ಮುದುಕಿ, ಪಾತ್ರೆಪಡಗ
ದೋಣಿಗೆ ಹತ್ತಿಸಲು
ಆ ಊರಿನ ಯಾವನೋ ಪಿಳ್ಳಪ್ಪನಿಗೆ.

ಸಂಜೆ ಸಿದ್ದಾಪುರ ಗೇಟಿನಿಂದ ಲಾಲ್‌ಬಾಗಿಗೆ ಹೊಕ್ಕೆ.
ಬಂಡೆ ಮೇಲೆ ಮಕ್ಕಳು, ಕಡಲೆಕಾಯಿ ಸಿಪ್ಪೆ.
ಮುನ್ನೂರು ಕೋಟಿ ವರ್ಷದ ಕಲ್ಲು,
ಅದರ ಅವಸರವೆಲ್ಲ ಎಂದೋ ಮುಗಿದಿದೆ.
ಅಂಗೈ ಊರಿ ಕೂತೆ. ಬೆಚ್ಚಗಿತ್ತು.
ಬಿಸಿಲಿನ ಬಿಸಿ, ಗೊತ್ತು.
ಚೌಡಿ ಎರಡು ಸಲ ಫೋನು ಮಾಡಿದರೂ
ಕೈ ತೆಗೆಯಲಿಲ್ಲ.