ಹನ್ನೊಂದು ಮೊಟ್ಟೆ, ಒಂದು ಬಾಟಲಿ

ಮೂವತ್ತೇಳು ಡಿಗ್ರಿ ಶಾಖದಲ್ಲಿಡಿ, ಅಂದಿದ್ದರು
ಮಡಿಕೇರಿಯ ತರಬೇತಿಯಲ್ಲಿ, ಪರದೆಯ ಮೇಲೆ ಚಿತ್ರ ತೋರಿಸಿ.
ಧನುರ್ಮಾಸದ ಕೊಡಗಿನಲ್ಲಿ
ಮೂವತ್ತೇಳು ಡಿಗ್ರಿ ಎಲ್ಲಿದೆ ಸಾರ್, ಎಂದು ಕೇಳಿದವಳು ನಾನೇ.
ನಕ್ಕರು. ಊಟಕ್ಕೆ ಬಿಟ್ಟರು.

ನಾನು ಕಲ್ಲುಕೊಲ್ಲಿಯ ನೀರುಗಂಟಿ.
ಬೆಳಿಗ್ಗೆ ಆರಕ್ಕೆ ವಾಲ್ವು, ಎಂಟಕ್ಕೆ ಬಂದ್.
ಟ್ಯಾಂಕಿನ ಏಣಿಗೆ ಇಪ್ಪತ್ತಾರು ಮೆಟ್ಟಿಲು, ಮೂರನೆಯದು ಇಲ್ಲ;
ಇಲ್ಲದ ಮೆಟ್ಟಿಲು ನನ್ನ ಕಾಲಿಗೆ ಬಾಯಿಪಾಠ.

ಪಂಚಾಯಿತಿಯ ನೀಲಿ ಪುಸ್ತಕದಲ್ಲಿ
ಮೂರು ವರ್ಷದಿಂದ ಒಂದೇ ಅಂಕಿ: ಸೊನ್ನೆ ಪಾಯಿಂಟ್ ಎರಡು.
ಮಳೆಯಲ್ಲೂ ಅದೇ, ಬೇಸಿಗೆಯಲ್ಲೂ ಅದೇ,
ಗುಡ್ಡ ಜರಿದು ಪೈಪು ಆಕಾಶ ನೋಡುತ್ತಿದ್ದ
ಆ ಹದಿನಾರು ದಿನವೂ,
ನಲ್ಲಿಯಲ್ಲಿ ಹನಿ ಇಲ್ಲದಾಗಲೂ,
ಸೊನ್ನೆ ಪಾಯಿಂಟ್ ಎರಡು.
ನನಗಿಂತ ಮುಂಚಿನ ಐತಪ್ಪಣ್ಣನ ಅಕ್ಷರ ಚೆಂದ.
ಅಳಿಸಿದ ಗುರುತೇ ಇಲ್ಲ.

ಪರೀಕ್ಷೆಗೆ ನೀರು ಹಿಡಿಯುವುದು ಯಾವಾಗಲೂ
ಕಚೇರಿ ಮುಂದಿನ ನಲ್ಲಿಯಲ್ಲಿ.
ಟ್ಯಾಂಕಿನಿಂದ ನಲವತ್ತು ಹೆಜ್ಜೆ;
ನೀರು ಅಲ್ಲಿ ಇನ್ನೂ ಮಿಂದು ಬಂದ ಮದುಮಗ.
ಹನಿ ಹಾಕಿದರೆ ತಿಳಿ ಹಳದಿ ಬಂದೇ ಬರುತ್ತದೆ,
ಕಣ್ಣು ಕಿರಿದು ಮಾಡಿದರೆ.
ಅಲ್ಲಿಂದ ಪೈಪು ಇಳಿಯುತ್ತದೆ:
ಶಾಲೆ, ಮಸೀದಿ, ಪೂಣಚ್ಚನವರ ಪಲ್ಪರಿನ ಹಿಂಬದಿ,
ಕಾಫಿ ಸಿಪ್ಪೆ ಕೊಳೆಯುವ ಗುಂಡಿ,
ಸೈಕಲ್ ಟ್ಯೂಬು ಸುತ್ತಿದ ಎರಡು ಜಾಯಿಂಟು,
ಕೊನೆಗೆ ತೋಟದ ಲೈನ್ ಮನೆ.
ಅಲ್ಲಿ ನಲ್ಲಿಗೆ ತಲೆ ಇಲ್ಲ,
ಕಾಫಿ ಕಡ್ಡಿಗೆ ಬಟ್ಟೆ ಸುತ್ತಿ ತುರುಕಿದ್ದಾರೆ.

ಈ ಸಲ ನಾನು ಅಲ್ಲಿ ಹಿಡಿದೆ.
ಯಾಕೆ ಎಂದು ಕೇಳಬೇಡಿ.
ಬೊಳ್ಳಿಯ ಮೊಮ್ಮಗಳ ಲಂಗ ದಿನಕ್ಕೆ ನಾಲ್ಕು ಸಲ
ತಂತಿಯ ಮೇಲೆ ಒಣಗುತ್ತಿತ್ತು, ಅಷ್ಟೇ.

ಗೆರೆಯವರೆಗೆ ತುಂಬಿ, ಮುಚ್ಚಳ ಬಿಗಿದು,
ಮನೆಗೆ ತಂದು
ಕಾವಿಗೆ ಕೂತ ಹೇಂಟೆಯ ಹೊಟ್ಟೆಯಡಿ ತೂರಿಸಿದೆ.
ಒಮ್ಮೆ ಕುಕ್ಕಿತು. ಆಮೇಲೆ ಗರಿ ಉಬ್ಬಿಸಿ
ಬಾಟಲಿಯನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿತು.
ಇದಕ್ಕಿಂತ ಸಮದರ್ಶಿ ಇಲಾಖೆಯನ್ನು ನಾನು ಕಂಡಿಲ್ಲ.

ರಾತ್ರಿ ನಿದ್ದೆ ಇಲ್ಲ. ಮಂಜು ಹೆಂಚಿನಿಂದ ತೊಟ್ಟಿಕ್ಕುತ್ತಿತ್ತು.
ಬಣ್ಣ ಬದಲಾಗದಿರಲಿ ಎಂದು ಕೈ ಮುಗಿದೆ,
ಯಾರಿಗೆ ಎಂದು ನಿಶ್ಚಯವಿಲ್ಲದೆ:
ಹೇಂಟೆಗೋ, ಇಗ್ಗುತಪ್ಪನಿಗೋ, ಜಿಲ್ಲಾ ಪ್ರಯೋಗಾಲಯಕ್ಕೋ.

ಮರುದಿನ ಕೈ ಹಾಕಿದರೆ ಬೆಚ್ಚಗೆ.
ಹೊರಗೆ ತೆಗೆದರೆ ಕಪ್ಪು,
ಹಾಲಿಲ್ಲದ ಬೆಲ್ಲದ ಕಾಫಿಯ ಕಪ್ಪು.
ತೆರೆಯಬೇಡಿ, ಕೊಳೆತ ಮೊಟ್ಟೆಯ ನಾತ ಬರುತ್ತದೆ, ಅಂದಿದ್ದರು.
ತೆರೆಯಲಿಲ್ಲ.
ಹೇಂಟೆಗೆ ಹೇಗೆ ಹೇಳುವುದು?

ಓಡಿ ಹೋಗಿ ಬ್ಲೀಚಿಂಗ್ ಪುಡಿಯ ಚೀಲ ನೋಡಿದೆ.
ಕಕ್ಕಡದ ಮಳೆಯ ತೇವ ಕುಡಿದು ಕಲ್ಲಾಗಿದೆ.
ಮುರಿದು ಮೂಸಿದೆ: ಹಳೆ ಗೋಡೆಯ ಸುಣ್ಣ.
ಇಷ್ಟು ತಿಂಗಳು ನಾನು ಏಣಿ ಹತ್ತಿ, ಇಲ್ಲದ ಮೆಟ್ಟಿಲು ದಾಟಿ,
ಊರಿಗೆ ಸುರಿದದ್ದು ಬರೀ ಬಿಳಿ.

ಪಿಡಿಒ ಮೇಡಮ್ ಒಳ್ಳೆಯವರು.
ಬಾಟಲಿಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.
"ನಾಳೆ ಇಲ್ಲಿಯ ನಲ್ಲಿಯಲ್ಲಿ ಇನ್ನೊಂದು ಹಿಡಿ."
"ಹಿಡೀತೀನಿ. ಇದನ್ನ ಎಲ್ಲಿ ಬರೀಲಿ?"
ಗೋಡೆಯ ಮೇಲೆ, ಗಾಜಿನೊಳಗೆ, ನಮ್ಮೂರ ಪ್ರಮಾಣಪತ್ರ:
ಕುಡಿಯಲು ಯೋಗ್ಯ. ಮೊಹರಿನ ನೀಲಿ ಮಾಸಿಲ್ಲ.
ಅವರು ಮಾತಾಡಲಿಲ್ಲ. ಪೆನ್ನಿನ ಮುಚ್ಚಳ ತೆಗೆದು
ನನ್ನ ಕಡೆ ಸರಿಸಿದರು.

ಬರೆದೆ. ಐತಪ್ಪಣ್ಣನಷ್ಟು ಚೆಂದವಿಲ್ಲ.
ಲೈನ್ ಮನೆ, ಕೊನೆಯ ನಲ್ಲಿ, ಕಪ್ಪು.
ಮೂರು ವರ್ಷದ ಇರುವೆ ಸಾಲಿಗೆ ಅಡ್ಡ ಬಿದ್ದ
ಒಂದು ಮೆಣಸಿನ ಕಾಳು.

ಸಂಜೆ ಬೊಳ್ಳಿಗೆ, ಕುದಿಸಿ ಕೊಡು, ಎಂದೆ.
"ಸೌದೆ ಮುಟ್ಟಿದರೆ ತೋಟದಲ್ಲಿ ಬೈತಾರಕ್ಕ," ಎಂದಳು.
ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.

ಮನೆಯಲ್ಲಿ ಹೇಂಟೆ ಎದ್ದು ನಿಂತು
ಕಾಲಿನಿಂದ ಹುಲ್ಲು ಕೆದಕುತ್ತಿದೆ, ಹನ್ನೆರಡನೆಯದಕ್ಕೆ.
ಕೂತಿರು ತಾಯಿ.
ನಾಳೆ ಇನ್ನೊಂದು ತರುತ್ತೇನೆ.
ಶಾಲೆಯ ನಲ್ಲಿಯದು.