ಬಾಯಿ ಮುಂದಕ್ಕೆ, ಬಾಲ ಹಿಂದಕ್ಕೆ

ಗ್ರೀನ್‌ವಿಚ್ಚಿನಲ್ಲಿ ನಡುರಾತ್ರಿಯಾಗುವಾಗ
ನಮಗೆ ಪಣಂಬೂರಿನಲ್ಲಿ ಐದೂವರೆ.
ಅದಕ್ಕೂ ಮುಂಚೆ ನಾನು ಜಲಜನಕದ ಶೆಡ್ಡಿಗೆ ಹೋಗಬೇಕು,
ಬಳೆ ತೆಗೆದಿಟ್ಟು, ಕಿಡಿಗೆ ಹೆದರಿ.
ಬಲೂನು ಉಬ್ಬುತ್ತದೆ ನಿಧಾನ, ನೀರುದೋಸೆಯಷ್ಟು ತೆಳ್ಳಗೆ,
ನನ್ನ ಎತ್ತರ ಮೀರಿ.
ಅದರ ಬುಡಕ್ಕೆ ನೂಲು, ನೂಲಿನ ತುದಿಗೆ
ಬುತ್ತಿಯಷ್ಟು ದೊಡ್ಡ ಥರ್ಮಾಕೋಲ್ ಪೆಟ್ಟಿಗೆ.
ಬಿಟ್ಟೆ.

ಕಾರ್ಖಾನೆಯ ದೀಪಗಳ ಮೇಲೆ ಓರೆಯಾಗಿ ಹೋಗುತ್ತಾ
ಕ್ಷಣಕ್ಷಣಕ್ಕೂ ಕೆಳಕ್ಕೆ ಹೇಳುತ್ತದೆ:
ಇಲ್ಲಿ ಇಷ್ಟು ಚಳಿ, ಇಷ್ಟು ಪಸೆ, ಗಾಳಿ ಈ ಕಡೆಯಿಂದ.
ಇದೇ ಹೊತ್ತಿಗೆ ಲೋಕದ ಎಷ್ಟೋ ಊರುಗಳಲ್ಲಿ
ನನ್ನಂಥವರು ಯಾರೋ ಕೈ ಸಡಿಲಿಸಿರುತ್ತಾರೆ.
ಒಬ್ಬರ ಮುಖ ಒಬ್ಬರು ಕಂಡಿಲ್ಲ.

ಆ ಅಕ್ಟೋಬರಿನಲ್ಲಿ ಲಕ್ಷದ್ವೀಪದ ಆಚೆ
ಮೋಡವೊಂದು ತನ್ನನ್ನು ತಾನೇ ಸುತ್ತಿಕೊಳ್ಳತೊಡಗಿತ್ತು.
ಅರ್ಧ ಗಂಟೆಗೊಂದು ಉಪಗ್ರಹದ ಪಟ.
ಸುರುಳಿ ಎಷ್ಟು ಬಿಗಿದಿದೆಯೆಂದು ಅಳೆದು
ದೆಹಲಿಯಲ್ಲಿ ಅಂಕಿ ಕೊಡುತ್ತಾರೆ:
ಒಂದೂವರೆ. ಎರಡು. ಎರಡೂವರೆಗೆ ನಾಮಕರಣ.
ಯಾವ ದೇಶ ಕೊಟ್ಟ ಹೆಸರೋ, ನನ್ನ ನಾಲಿಗೆಗೆ ಬಗ್ಗಲಿಲ್ಲ.
ಕಡಲಿನ ಬಿಸಿ ಇಪ್ಪತ್ತೊಂಬತ್ತೂವರೆ,
ಮಗುವನ್ನು ಮೀಯಿಸುವ ನೀರಿಗಿಂತ ತಣ್ಣಗೆ.
ಅಷ್ಟು ಸಾಕು ಅದಕ್ಕೆ.

ಮುಂದೆ ಎತ್ತ?
ಒಂದೊಂದು ಗಣಕ ಒಂದೊಂದು ಗೆರೆ ಎಳೆಯಿತು,
ಪರದೆಯ ಮೇಲೆ ಒತ್ತುಶ್ಯಾವಿಗೆ ಚೆಲ್ಲಿದ ಹಾಗೆ.
ಒಂದೆಳೆ ಒಮಾನಿಗೆ, ಮೂರು ಗುಜರಾತಿಗೆ,
ಒಂದು ಮಾತ್ರ, ಹಟಮಾರಿ, ಮಲ್ಪೆಯತ್ತ.
ಎಲ್ಲವನ್ನೂ ಒಳಗೆ ಹಾಕಿ ಒಂದು ಶಂಕು ಬರೆದರು.
ಬಂದರಿನ ಕಂಬಕ್ಕೆ ಎರಡನೇ ನಂಬ್ರ ಏರಿತು.

ಮಲ್ಪೆಯಿಂದ ಫೋನು, ವಾಮನ ಮೆಂಡನ್.
"ಎಂತ ಐರಿನ್ ಮೇಡಂ, ಬರ್ತದಾ, ಬರುದಿಲ್ವಾ? ಒಂದೇ ಮಾತು ಹೇಳಿ."
ಬಾರದಿರುವ ಸಾಧ್ಯತೆಯೇ ಹೆಚ್ಚು, ಆದರೂ ಹೋಗಬೇಡಿ ಅಂದೆ.
"ನೂರಕ್ಕೆ ಇಪ್ಪತ್ತು ಬೋಟು ಮುಳುಗುದು ಹೇಗೆ ಮಾರಾಯ್ರೆ?
ಮುಳುಗಿದರೆ ಇಡೀ ಬೋಟೇ ಅಲ್ವಾ?"
ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಫೋನು ಇಡಲೂ ಇಲ್ಲ.
ಹಿಂದೆ ವಯರ್‌ಲೆಸ್ಸಿನ ಗರಗರ.
ಗಂಗೊಳ್ಳಿಯ ಆಚೆಯ ಯಾವುದೋ ಬೋಟನ್ನು
ಯಾರೋ ತುಳುವಿನಲ್ಲಿ ಕೂಗುತ್ತಿದ್ದರು:
ಪಿರ ಬಲೆ, ಪಿರ ಬಲೆ.
ಬಲೆ ಅಂದರೆ ಅವರಲ್ಲಿ ಬನ್ನಿ ಅಂತಲೂ ಹೌದು.

ಮೂರು ದಿನ. ಐಸು ಕರಗಿತು. ಡೀಸೆಲಿನ ಸಾಲ ಕರಗಲಿಲ್ಲ.
ಸುರುಳಿ ಅತ್ತ ತಿರುಗಿ, ಒಣಗಾಳಿ ಕುಡಿದು,
ನಡುಗಡಲಲ್ಲಿ ಬಿಚ್ಚಿಹೋಯಿತು.
ಮಲ್ಪೆಗೆ ಬಂದದ್ದು ನಾಲ್ಕು ಹನಿ, ಒರಟು ಅಲೆ,
ಒಂದು ಹರಿದ ತಾರ್ಪಾಲು.
ವಾಮನ ಮೆಂಡನ್ ಮತ್ತೆ ಫೋನು ಮಾಡಿ ಬೈದರು.
ಪೂರ್ತಿ ಕೇಳಿಸಿಕೊಂಡೆ.
ಸಂಜೆಯ ಬಲೂನಿಗೆ ಹೊತ್ತಾಗಿತ್ತು.

ಡಿಸೆಂಬರಿನಲ್ಲಿ ಅವರೇ ಬಂದರು ಕಚೇರಿಯ ಗೇಟಿಗೆ,
ಪ್ಲಾಸ್ಟಿಕ್ ಚೀಲದಲ್ಲಿ ಥರ್ಮಾಕೋಲು, ಸಿಕ್ಕಾದ ನೂಲು, ಪಾಚಿ.
"ಬಲೆ ಎತ್ತುವಾಗ ಸಿಕ್ಕಿತು, ಬೊಂಡಾಸಿನ ಜೊತೆ.
ಹುಡುಗರು ಬಾಂಬು ಅಂತ ಹೆದರಿದ್ರು."
ಅಂಚಿನಲ್ಲಿ ನನ್ನದೇ ಅಕ್ಷರ, ಅಕ್ಟೋಬರಿನ ತಾರೀಕು.
ಮೂವತ್ತು ಕಿಲೋಮೀಟರು ಏರಿ, ಬಲೂನು ಒಡೆದು, ಬಿದ್ದದ್ದು.

ಗೋಡೆಯ ನಕ್ಷೆಯ ಮುಂದೆ ನಿಂತರು. ಶಂಕಿನ ಮೇಲೆ ಬೆರಳಿಟ್ಟರು.
"ಇದು ಟ್ರಾಲ್ ಬಲೆ ಅಲ್ವಾ?
ಬಾಯಿ ಮುಂದಕ್ಕೆ, ಅಗಲ. ಬಾಲ ಹಿಂದಕ್ಕೆ, ಕಿರಿದು.
ಎಳೀತಾ ಹೋಗುದು. ಬಾಯಿಗೆ ಎಂತೆಂತದೋ ಬರ್ತದೆ.
ಬಾಲದ ಗಂಟು ಬಿಚ್ಚಿದ ಮೇಲೇ ಗೊತ್ತಾಗುದು."
ಇಪ್ಪತ್ತಾರು ವರ್ಷ ನಾನದನ್ನು ಶಂಕು ಅನ್ನುತ್ತಿದ್ದೆ.

ಹೋಗುವಾಗ ಕೇಳಿದರು, ಈ ಪೆಟ್ಟಿಗೆ ಇನ್ನು ಬೇಕಾ ನಿಮಗೆ?
ಬೇಡ, ಹೇಳುವುದನ್ನೆಲ್ಲ ಅದು ಅಂದೇ ಹೇಳಿಯಾಗಿದೆ.
ಕಂಕುಳಲ್ಲಿ ಇರಿಸಿಕೊಂಡರು.
ಮನೆಯ ಸಣ್ಣ ಬಲೆಗೆ ಒಂದು ತೇಲು ಬೇಕಿತ್ತಂತೆ.