ಷರತ್ತು

ಠಾಣೇದ ಹಾಳಿ:
ಮೈಕು ಒಂದು ತಾಸು,
ಯಾರ ಹೆಸರೂ ಎತ್ತಬಾರದು.

ಓದು ಬಾರದ ಕೊಟ್ರವ್ವ ಮೂಸಿ ನೋಡಿದಳು.
ವಕೀಲರು ಅಂದರು: ಹತ್ತೊಂಬತ್ತನೇ ಕಲಮಿನಾಗ
ಮಾತಾಡು ಅಂತೈತಿ,
ಅದರ ಕೆಳಗ ‘ಆದರೆ’ ಅಂತೈತಿ.
ಆ ‘ಆದರೆ’ ಇಲ್ಲಂದ್ರ
ಕಣ್ಣಿಗೆ ಖಾರ ಎರಚವಗೂ ಹಕ್ಕ ಬರ್ತೈತಿ.

ಅಂದ್ರ ನಮ್ಮ ಬ್ಯಾಡಗಿ ಕಾಯಿ ಹಂಗ ಅನ್ರಿ,
ಬಣ್ಣ ಭಾಳ, ಖಾರ ಅಷ್ಟಕ್ಕಷ್ಟ.

ಮೂವತ್ತು ವರ್ಷ ತುಂಬು ಬಿಡಿಸಿದ ಬೆರಳು
ಮೈಕು ಹಿಡದ್ವು.
ಚೀಲಕ್ಕ ಕೂಲಿ ಎಷ್ಟು,
ತೂಕದಾಗ ಹೋಗಿದ್ದೆಷ್ಟು…
ಹೆಸರು ಬರೂ ಜಾಗಾದಾಗ
ನಿಂತಳು. ಕೆಮ್ಮಲಿಲ್ಲ, ನೀರು ಕೇಳಲಿಲ್ಲ.

ಅಂಗಳದ ತುಂಬ ಒಣಗಿದ ಮೆಣಸಿನಕಾಯಿ.
ಗಾಳಿ ತಿರುಗಿತು.
ಖರೀದಿದಾರರ ಸಾಲಿನ್ಯಾಗ ಒಬ್ಬರು ಸೀನಿದರು,
ಮತ್ತ ಸೀನಿದರು. ಎಲ್ಲಾರೂ ಅತ್ತ ಹೊಳ್ಳಿ ನೋಡಿದರು.

ಫೌಜದಾರ ಹಾಳಿ ತಿರುವಿದ.
ಘಾಟಿಗೆ ಷರತ್ತು ಬರೆದಿರಲಿಲ್ಲ.